ಡಿಸ್ಕ್ ಬದಲಾಯಿತು, ಸಿಸ್ಟಮ್ ಏಳಲಿಲ್ಲ

ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ, ಹೊಸ ಎಸ್‌ಎಸ್‌ಡಿ ಕೂರಿಸಿ, ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು ಮೂಡಿ ನಿಂತುಬಿಡುತ್ತದೆ. ಆಗ ಸುತ್ತ ನಿಂತವರಲ್ಲಿ ಒಬ್ಬರಾದರೂ ಹೇಳುವ ಮಾತು ಇದು: “ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕ್ಬಿಡಿ.” ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಬಸ್ ನಿಲ್ದಾಣದ ಪಕ್ಕದ ಸರ್ವಿಸ್ ಅಂಗಡಿಯವರೆಗೆ ಈ ಸಲಹೆಗೆ ಎದುರಾಡುವವರು ಕಡಿಮೆ. ಕೆಲಸ ಬೇಗ ಮುಗಿಯುತ್ತದೆ, ಹುಡುಕಾಟದ ತಲೆನೋವಿಲ್ಲ, ಕೂಲಿಯೂ ಮೊದಲೇ ಗೊತ್ತಾಗಿರುತ್ತದೆ. ರಿಪೇರಿಯವನ ದೃಷ್ಟಿಯಿಂದ ತಪ್ಪೇನೂ ಇಲ್ಲ. ಸಿಸ್ಟಮ್ ಯಾರದೋ ಅವರ ದೃಷ್ಟಿಯಿಂದ ನೋಡಿದರೆ ಮಾತ್ರ ಇದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಯಾಕೆಂದರೆ ಇಂಥ ಹೊತ್ತಿನಲ್ಲಿ ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ, ವಿಂಡೋಸೂ ಪೂರ್ತಿಯಾಗಿಯೇ ಇರುತ್ತದೆ. ಅದನ್ನು ಎಲ್ಲಿ ಹುಡುಕಬೇಕು, ಹೇಗೆ ಓದಬೇಕು ಎನ್ನುವ ಸಣ್ಣದೊಂದು ಕೊಂಡಿ ಎಲ್ಲೋ ಕಳಚಿರುತ್ತದೆ. ಯಾವ ಕೊಂಡಿ ಎಂದು ಆ ಬಿಳಿ ಸಾಲೇ ಮುಕ್ಕಾಲು ಪಾಲು ಹೇಳಿರುತ್ತದೆ. ಓದುವ ತಾಳ್ಮೆ ಬೇಕು, ಅಷ್ಟೇ.

ಇಷ್ಟೆಲ್ಲ ಜನ ಡಿಸ್ಕ್ ಬದಲಿಸುತ್ತಿರುವುದಕ್ಕೆ ಕಾರಣ ಸ್ಪಷ್ಟವಿದೆ. ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿದು, ಬೇಕಾದ ತುಣುಕು ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಚದುರಿಬಿದ್ದ ಸಾವಿರಾರು ಸಣ್ಣ ಫೈಲುಗಳನ್ನು ವಿಂಡೋಸ್ ಏಳುವಾಗ ಓದುತ್ತದಲ್ಲ, ಆ ಕಾಯುವಿಕೆಯೇ ನಮ್ಮ ಬೆಳಗಿನ ಕಾಫಿಯ ಸಮಯ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಸಾದಾ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ 500 ಎಂಬಿಗೂ ಹೆಚ್ಚು ಓದುತ್ತದೆ. ಹತ್ತು ಹನ್ನೆರಡು ವರ್ಷದ ಹಳೇ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಉಪಚಾರ ಇನ್ನೊಂದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದರೂ, 11ಕ್ಕೆ ಬೇಕಾದ ಅರ್ಹತೆಯಿಲ್ಲದ ಹಳೇ ಯಂತ್ರಗಳಿಗೆ ಎಸ್‌ಎಸ್‌ಡಿ ಹಾಕಿಸಿ ಇನ್ನೆರಡು ವರ್ಷ ದೂಡೋಣ ಎನ್ನುವವರೇ ಬಹಳ.

ಗುಂಡಿ ಒತ್ತಿದ ಕ್ಷಣಕ್ಕೆ ಎಚ್ಚರವಾಗುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಮೇಲೆ ಪುಟ್ಟ ಚಿಪ್ಪಿನೊಳಗೆ ಕೂತ ಬಯೋಸ್. ಅದಕ್ಕೆ ಫೋಲ್ಡರ್, ಫೈಲು, ಸಿ ಡ್ರೈವ್ ಯಾವುದೂ ಗೊತ್ತಿಲ್ಲ. ಹಳೇ ಪದ್ಧತಿಯಲ್ಲಿ ಅದು ಮಾಡುತ್ತಿದ್ದುದು ಇಷ್ಟೇ: ಪಟ್ಟಿಯಲ್ಲಿ ಮೊದಲಿರುವ ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು, ಮೆಮೊರಿಗೆ ಎತ್ತಿಕೊಂಡು ಅದರಲ್ಲಿ ಬರೆದಂತೆ ನಡೆಯುವುದು. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ 10 ಎಂಬಿಯ ಹಾರ್ಡ್ ಡಿಸ್ಕ್ ಹೊತ್ತು ಬಂದಾಗ, ಡಾಸ್ 2.0 ಜೊತೆ ಹುಟ್ಟಿದ ಏರ್ಪಾಡು ಅದು. ಎಂಬಿಆರ್ ಎಂಬ ಆ ಸೆಕ್ಟರಿನಲ್ಲಿ 446 ಬೈಟು ಪ್ರೋಗ್ರಾಮಿಗೆ, 64 ಬೈಟು ನಾಲ್ಕು ಪಾರ್ಟಿಷನ್ನುಗಳ ವಿವರಕ್ಕೆ, ಕೊನೆಯ ಎರಡು ಬೈಟು ‘ಇದು ಬೂಟ್ ಮಾಡಬಹುದಾದ ಡಿಸ್ಕ್’ ಎಂಬ ಗುರುತಿಗೆ. ಯೂನಿಕೋಡಿನಲ್ಲಿ, ಯುಟಿಎಫ್-8 ಲೆಕ್ಕದಲ್ಲಿ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಹಾಗಾಗಿ ಈ ಪ್ಯಾರಾದ ಮೊದಲ ಮೂರು ವಾಕ್ಯ ಕೂಡ ಆ ಸೆಕ್ಟರಿನಲ್ಲಿ ಹಿಡಿಸುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಕೂತ ಪ್ರೋಗ್ರಾಮು ಮುಂದಿನ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಅದು ಬೂಟ್ ಮ್ಯಾನೇಜರನ್ನು, ಬೂಟ್ ಮ್ಯಾನೇಜರ್ ವಿಂಡೋಸಿನ ಕರ್ನೆಲ್ಲನ್ನು.

ಸಂದೇಶ ಓದುವುದೆಂದರೆ ಈ ಸರಪಳಿ ಎಲ್ಲಿಯವರೆಗೆ ಸಾಗಿ ನಿಂತಿತು ಎಂದು ಪತ್ತೆ ಹಚ್ಚುವುದು. ‘ನೋ ಬೂಟೆಬಲ್ ಡಿವೈಸ್’ ಅಥವಾ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದರೆ ಬಯೋಸ್‌ಗೆ ಶುರು ಮಾಡಲಿಕ್ಕೆ ಏನೂ ಸಿಕ್ಕಿಲ್ಲ. ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದರೆ ಡಿಸ್ಕ್ ಸಿಕ್ಕಿದೆ, ಮೊದಲ ಸೆಕ್ಟರ್ ಓದಿಯಾಗಿದೆ, ಮುಂದಿನ ಫೈಲು ಅಲ್ಲಿಲ್ಲ. ‘ಯುವರ್ ಪಿಸಿ ನೀಡ್ಸ್ ಟು ಬಿ ರಿಪೇರ್ಡ್’ ಎಂಬ ನೀಲಿ ಪರದೆ ಬಂದು ಕೆಳಗೆ ಸೊನ್ನೆಗಳ ಸಾಲಿನ ಕೋಡ್ ಕಂಡರೆ ಬೂಟ್ ಮ್ಯಾನೇಜರ್ ಎದ್ದಿದೆ, ಆದರೆ ಅದರ ಪಟ್ಟಿಯಲ್ಲಿರುವ ವಿಂಡೋಸ್ ಹೇಳಿದ ಜಾಗದಲ್ಲಿ ಸಿಗುತ್ತಿಲ್ಲ. ವಿಂಡೋಸಿನ ಲಾಂಛನ ಕಂಡು, ಚುಕ್ಕಿಗಳು ಎರಡು ಸುತ್ತು ತಿರುಗಿ, ಆಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ ನೀವು ಬಹುತೇಕ ಮನೆ ಮುಟ್ಟಿದ್ದೀರಿ. ಕರ್ನೆಲ್ ಎದ್ದಿದೆ, ಡಿಸ್ಕನ್ನು ಮಾತಾಡಿಸುವ ಡ್ರೈವರ್ ಮಾತ್ರ ಹೊಂದುತ್ತಿಲ್ಲ. ವಿಚಿತ್ರವೆಂದರೆ ಜನ ಹೆಚ್ಚು ಗಾಬರಿಯಾಗುವುದು ಈ ಕೊನೆಯದಕ್ಕೇ. ನೀಲಿ ಬಣ್ಣಕ್ಕೆ ಅಷ್ಟು ಕೆಟ್ಟ ಹೆಸರು ಬಂದುಬಿಟ್ಟಿದೆ.

ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯೊಂದರಲ್ಲಿ ನಾನು ಕಂಡ ಪ್ರಸಂಗ ಇಂಥದೇ. ಲಗ್ನಪತ್ರಿಕೆ, ಕ್ರಯಪತ್ರ, ಜಾತ್ರೆಯ ಕರಪತ್ರ ಎಲ್ಲವೂ ಅಲ್ಲಿ ಒಂದೇ ಯಂತ್ರದ ಮೇಲೆ ನಡೆಯುತ್ತಿತ್ತು. ಆ ಡಿಸ್ಕಿನಲ್ಲಿ ಪೇಜ್‌ಮೇಕರ್ 7 ಇತ್ತು, ಅದರ ಸಿ.ಡಿ. ಎಂದೋ ಕಳೆದಿತ್ತು. ಜೊತೆಗೆ ನುಡಿ, ಯುಎಸ್‌ಬಿ ಬೀಗದ ಶ್ರೀಲಿಪಿ, ಮತ್ತೆ ವರ್ಷಗಟ್ಟಲೆ ಕೂಡಿಟ್ಟ ಗಣಪತಿ, ಮಂಗಳವಾದ್ಯ, ಬಾಳೆಕಂಬದ ಚಿತ್ರಗಳು. 2001ರ ನಂತರ ಪೇಜ್‌ಮೇಕರಿಗೆ ಹೊಸ ಆವೃತ್ತಿಯೇ ಬರಲಿಲ್ಲ. ಆದರೂ ಯೂನಿಕೋಡ್ ತಿಳಿಯದ ಆ ಸಾಫ್ಟ್‌ವೇರಿನಲ್ಲಿ, ಆಸ್ಕಿ ಅಕ್ಷರಗಳಲ್ಲಿ, ಕನ್ನಡದ ಎಷ್ಟೋ ಮುದ್ರಣ ಕೆಲಸ ಇಂದಿಗೂ ನಡೆಯುತ್ತಿದೆ. ಇಂಥ ಯಂತ್ರಕ್ಕೆ ಫಾರ್ಮ್ಯಾಟ್ ಹೊಡೆಯುವುದೆಂದರೆ ಅಂಗಡಿಗೇ ಬೀಗ ಹಾಕಿದಂತೆ. ಅದಕ್ಕೇ ಹಳೆಯದರ ಪಡಿಯಚ್ಚನ್ನು ಹೊಸ ಎಸ್‌ಎಸ್‌ಡಿಗೆ ಇಳಿಸುವುದು, ಅಂದರೆ ಕ್ಲೋನ್ ಮಾಡುವುದು, ಎಂದು ತೀರ್ಮಾನವಾಗಿತ್ತು.

ರಿಪೇರಿಗೆ ಬಂದ ಹುಡುಗ ಕೆಲಸ ಬಲ್ಲವನೇ. ಕ್ಯಾಬಿನೆಟ್ಟನ್ನು ತನ್ನ ಅಂಗಡಿಗೆ ಒಯ್ದು, ರಾತ್ರಿ ಕ್ಲೋನ್ ಮುಗಿಸಿ, ಬೆಳಗ್ಗೆ ತಂದು ಜೋಡಿಸಿದ. ಲಾಂಛನ ಬಂತು, ಚುಕ್ಕಿ ತಿರುಗಿತು, ನೀಲಿ ಪರದೆ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಕ್ಲೋನ್ ಸರಿಯಾಗಿಲ್ಲವೇನೋ ಎಂದು ಹಳೇ ಡಿಸ್ಕನ್ನೇ ಮತ್ತೆ ಹಾಕಿದ. ಅದೂ ಅದೇ ನೀಲಿ ಪರದೆ. ಮಾಲೀಕರ ಮುಖ ಬಿಳಿಚಿತು. “ಏನಪ್ಪಾ ಇದು, ಹಳೇದನ್ನೂ ಕೆಡಿಸಿ ಕೂರಿಸ್ದಾ? ನಾಡಿದ್ದು ಮೂರು ಲಗ್ನಪತ್ರಿಕೆ ಕೊಡಬೇಕು!” “ಅಣ್ಣ, ನಾನ್ ಅದನ್ನ ಮುಟ್ಟೇ ಇಲ್ಲ, ಬರೀ ಓದಿಸ್ಕೊಂಡಿದೀನಿ ಅಷ್ಟೇ,” ಎಂದ ಹುಡುಗ.

ಅವನ ಮಾತು ನಿಜ. ನೆನ್ನೆವರೆಗೆ ಓಡುತ್ತಿದ್ದ ಡಿಸ್ಕೂ, ಅದರ ಪಡಿಯಚ್ಚೂ ಒಂದೇ ಜಾಗದಲ್ಲಿ ಮುಗ್ಗರಿಸಿದರೆ ಎಡವಿಸುತ್ತಿರುವುದು ಇವೆರಡಕ್ಕೂ ಸಮಾನವಾದ ಇನ್ನೇನೋ ಇರಬೇಕು. ಹುಡುಗನಿಗೆ ಅದು ಹೊಳೆಯಿತು. ಡಿಲೀಟ್ ಕೀಲಿ ಒತ್ತಿಕೊಂಡು ಬಯೋಸ್ ತೆರೆದ. ಮೇಲಿನ ಮೂಲೆಯಲ್ಲಿ ದಿನಾಂಕ ಜನವರಿ 1, ಅದೂ ಎಷ್ಟೋ ವರ್ಷ ಹಿಂದಿನದು.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ: ಸಿಆರ್ 2032, ಮೂರು ವೋಲ್ಟಿನದು, 20 ಮಿಲಿಮೀಟರ್ ಅಗಲ. ಗಡಿಯಾರವನ್ನೂ, ಹಳೇ ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗುಗಳನ್ನೂ ಉಳಿಸಿಕೊಳ್ಳುವುದು ಅದರ ಕೆಲಸ. ಹತ್ತು ವರ್ಷಕ್ಕೆ ಅದು ಸತ್ತೇ ಹೋಗಿರುತ್ತದೆ, ನಮಗೆ ಗೊತ್ತಾಗಿರುವುದಿಲ್ಲ. ಯಾಕೆಂದರೆ ಯಂತ್ರ ಆಫ್ ಇದ್ದರೂ ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಎಸ್‌ಎಂಪಿಎಸ್ ಸಣ್ಣಗೆ ವಿದ್ಯುತ್ ಹರಿಸುತ್ತಲೇ ಇರುತ್ತದೆ. ಯುಪಿಎಸ್ಸಿನ ಹಿಂದೆ ವರ್ಷಾನುಗಟ್ಟಲೆ ಕೂತ ಈ ಯಂತ್ರದ ಪ್ಲಗ್ಗನ್ನು ಯಾರೂ ಕಿತ್ತಿರಲಿಲ್ಲ. ಡಿಸ್ಕ್ ಬದಲಿಸಲೆಂದು ಕಿತ್ತು ಒಯ್ದ ಆ ರಾತ್ರಿ ಸೆಟ್ಟಿಂಗೆಲ್ಲ ಅಳಿಸಿಹೋಗಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿತ್ತು. ಆ ಬೋರ್ಡಿನ ಮೂಲ ಸ್ಥಿತಿಯಲ್ಲಿ ಸಾಟಾ ಮೋಡ್ ಎಂಬುದು ಐಡಿಇ ಎಂದಿತ್ತು. ವಿಂಡೋಸ್ ಹಾಕಿದ್ದಾಗ ಯಾರೋ ತಿಳಿದವರು ಎಎಚ್‌ಸಿಐ ಮಾಡಿದ್ದರು. ಡಿಸ್ಕಿನ ಜೊತೆ ಮಾತಾಡುವ ಎರಡು ಬೇರೆ ಬೇರೆ ರೀತಿಗಳಿವು. ವಿಂಡೋಸ್ ಏಳುವ ಹೊತ್ತಿಗೆ ತಾನು ಬಳಸುವ ಒಂದರ ಡ್ರೈವರನ್ನಷ್ಟೇ ಸಿದ್ಧ ಇಟ್ಟುಕೊಂಡಿರುತ್ತದೆ. ಹುಡುಗ ಎಎಚ್‌ಸಿಐ ಆರಿಸಿ, ಎಫ್10 ಒತ್ತಿದ. ಎಸ್‌ಎಸ್‌ಡಿ ಎದ್ದಿತು. ನುಡಿಯೂ ಬಂತು, ಗಣಪತಿಯೂ ಬಂದ. ಎದುರಿನ ವಾಚ್ ಅಂಗಡಿಯಿಂದ ಬ್ಯಾಟರಿ ತರಿಸಿದ್ದಕ್ಕೆ ಆದ ಖರ್ಚು ಹತ್ತಾರು ರೂಪಾಯಿ.

ಡಿಸ್ಕ್ ಬದಲಿಸಿದ ಮೇಲೆ ಏಳದ ಹಳೇ ಡೆಸ್ಕ್‌ಟಾಪ್ ಎದುರಾದರೆ ಮೊದಲು ಹಳೇ ಡಿಸ್ಕನ್ನು ಮತ್ತೆ ಜೋಡಿಸಿ ನೋಡಬೇಕು ಎನ್ನುವುದು ಇದಕ್ಕೇ. ಹಳೆಯದು ಎದ್ದರೆ ದೋಷ ಹೊಸ ಡಿಸ್ಕಿನಲ್ಲಿ ಇಲ್ಲವೇ ಕ್ಲೋನಿನಲ್ಲಿದೆ. ಹಳೆಯದೂ ಏಳದಿದ್ದರೆ ಬಯೋಸ್, ಕೇಬಲ್, ವಿದ್ಯುತ್ತಿನ ಕಡೆ ನೋಡಬೇಕು. ಐದು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಅಲೆದಾಟ ಉಳಿಸುತ್ತದೆ. ಕೇಬಲ್ ಎಂದಾಗ ನಗಬೇಡಿ. ಸಾಟಾ ದತ್ತಾಂಶದ ಕೇಬಲ್ಲಿಗೆ ಏಳೇ ಪಿನ್ನು, ಕೆಲವಕ್ಕೆ ಕಚ್ಚಿಹಿಡಿಯುವ ಕ್ಲಿಪ್ಪೂ ಇರುವುದಿಲ್ಲ. ಮೂರೂವರೆ ಇಂಚಿನ ಜಾಗದಲ್ಲಿ ಎರಡೂವರೆ ಇಂಚಿನ ಎಸ್‌ಎಸ್‌ಡಿಯನ್ನು ಡಬಲ್ ಟೇಪಿನಲ್ಲಿ ಅಂಟಿಸಿ, ಇಲ್ಲವೇ ಹಾಗೇ ನೇತುಹಾಕಿ ಮುಚ್ಚಳ ಮುಚ್ಚುವವರಿದ್ದಾರೆ. ಕ್ಯಾಬಿನೆಟ್ಟನ್ನು ಆಟೋದಲ್ಲಿ ಮನೆಗೆ ತರುವಷ್ಟರಲ್ಲಿ ಕೇಬಲ್ ಸಡಿಲವಾಗಿರುತ್ತದೆ. ಬಯೋಸಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ಮೊದಲು ಅಲ್ಲಿ ಕೈ ಹಾಕಿ.

ಬಯೋಸಿನಲ್ಲಿ ಹೆಸರು ಕಾಣುತ್ತದೆ, ಆದರೂ ಏಳುವುದಿಲ್ಲ ಎಂದಾದರೆ ಕ್ಲೋನ್ ಮಾಡಿದವರು ಏನನ್ನು ಬಿಟ್ಟರು ಎಂದು ಕೇಳಬೇಕು. ಬಹಳ ಮಂದಿಯ ಲೆಕ್ಕದಲ್ಲಿ ವಿಂಡೋಸ್ ಎಂದರೆ ಸಿ ಡ್ರೈವ್. ಅದೊಂದನ್ನು ಕ್ಲೋನ್ ಮಾಡಿದರೆ ಸಾಕು ಎಂದುಕೊಳ್ಳುತ್ತಾರೆ. ವಿಂಡೋಸ್ 7ರ ಕಾಲದಿಂದಲೂ ಬೂಟ್ ಮ್ಯಾನೇಜರ್ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿ ಇರುವುದಿಲ್ಲ. ‘ಸಿಸ್ಟಮ್ ರಿಸರ್ವ್ಡ್’ ಎಂಬ ಪುಟ್ಟ ಪಾರ್ಟಿಷನ್ ಅದರ ಜಾಗ. ಮೈ ಕಂಪ್ಯೂಟರಿನಲ್ಲಿ ಅದು ಕಾಣುವುದೇ ಇಲ್ಲ. ಬಯೋಸಿನ ಹೊಸ ರೂಪವಾದ ಯುಇಎಫ್‌ಐ ಇರುವ ಯಂತ್ರಗಳಲ್ಲಿ ಆ ಪಾತ್ರ ಇಎಫ್‌ಐ ಪಾರ್ಟಿಷನ್ನಿನದು, ಫ್ಯಾಟ್32 ರೂಪದ್ದು, ಅದೂ ಬಚ್ಚಿಟ್ಟದ್ದೇ. ಅದನ್ನು ಬಿಟ್ಟು ಸಿ ಮಾತ್ರ ಒಯ್ದರೆ ಹೊಸ ಡಿಸ್ಕಿನಲ್ಲಿ ವಿಂಡೋಸ್ ಇದ್ದೂ ಎಬ್ಬಿಸುವವರಿಲ್ಲ.

ಇದೇ ಕಥೆಯ ಇನ್ನೊಂದು ರೂಪ ತಿಂಗಳುಗಟ್ಟಲೆ ಕಾದು ಹೊರಬೀಳುತ್ತದೆ. ಹಳೇ ಡಿಸ್ಕನ್ನು ಬಿಚ್ಚದೆ, ಅದರ ಪಕ್ಕದಲ್ಲೇ ಎಸ್‌ಎಸ್‌ಡಿ ಕೂರಿಸಿ, ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕುತ್ತಾರೆ. ಸೆಟಪ್ ಪ್ರೋಗ್ರಾಮು ನೋಡುತ್ತದೆ: ಹಳೇ ಡಿಸ್ಕಿನಲ್ಲಿ ಆಗಲೇ ಒಂದು ಇಎಫ್‌ಐ ಪಾರ್ಟಿಷನ್ ಇದೆ, ಅದೇ ಸಾಕಲ್ಲ ಎಂದು ಬೂಟ್ ಫೈಲುಗಳನ್ನು ಅಲ್ಲಿಯೇ ಇಡುತ್ತದೆ. ಎಲ್ಲ ಚೆನ್ನಾಗಿ ನಡೆಯುತ್ತದೆ. ಆರು ತಿಂಗಳ ಮೇಲೆ ಹಳೇ ಡಿಸ್ಕ್ ಕಿರ್ರೆನ್ನತೊಡಗಿತೆಂದು ತೆಗೆದಿಟ್ಟರೆ ಎಸ್‌ಎಸ್‌ಡಿಯಲ್ಲಿರುವ ಗಟ್ಟಿಮುಟ್ಟಾದ ವಿಂಡೋಸ್ ಮೇಲೇಳುವುದಿಲ್ಲ. ಆ ಹೊತ್ತಿಗೆ ಯಾರೂ ಹಳೇ ಡಿಸ್ಕನ್ನು ಅನುಮಾನಿಸುವುದಿಲ್ಲ, ಪಾಪ. ಹೊಸ ವಿಂಡೋಸ್ ಹಾಕುವಾಗ ಹೊಸ ಡಿಸ್ಕ್ ಒಂದನ್ನೇ ಜೋಡಿಸಿರಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದ. ಕ್ಲೋನ್ ಮಾಡಿದ ಮೇಲೂ ಅಷ್ಟೇ: ಮೊದಲ ಸಲ ಏಳಿಸುವಾಗ ಹಳೆಯದನ್ನು ಕಳಚಿಡಿ. ಎರಡೂ ಒಂದೇ ಗುರುತಿನ ಸಂಖ್ಯೆ ಹೊತ್ತಿರಬಹುದು. ಆಗ ವಿಂಡೋಸ್ ಒಂದನ್ನು ಆಫ್‌ಲೈನ್ ಎಂದು ಮೂಲೆಗೆ ತಳ್ಳುತ್ತದೆ. ಯಂತ್ರ ಹಳೇ ಡಿಸ್ಕಿನಿಂದಲೇ ಏಳುತ್ತಿರುತ್ತದೆ, ‘ಎಸ್‌ಎಸ್‌ಡಿ ಹಾಕಿದ್ರೂ ಸ್ಪೀಡೇ ಇಲ್ವಲ್ಲ’ ಎಂದು ಮಾಲೀಕ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಾನೆ.

ಯುಇಎಫ್‌ಐ ಬಂದ ಮೇಲೆ ಎಂಬಿಆರ್‌ನ ಇಕ್ಕಟ್ಟು ತಪ್ಪಿತು. ಬಯೋಸ್‌ಗೆ ಈಗ ಫ್ಯಾಟ್ ಪಾರ್ಟಿಷನ್ನನ್ನು ಓದಿ, ಫೈಲಿನ ಹೆಸರು ಹಿಡಿದು ಹೋಗುವಷ್ಟು ಬುದ್ಧಿ ಬಂದಿದೆ. ಆದರೆ ಹೊಸ ಬುದ್ಧಿಯ ಜೊತೆ ಹೊಸ ಹಟ. ಬೂಟ್ ಮಾಡಬೇಕಾದ ಪಾರ್ಟಿಷನ್ನಿನ ಉದ್ದನೆಯ ವಿಶಿಷ್ಟ ಸಂಖ್ಯೆಯನ್ನೂ ಫೈಲಿನ ದಾರಿಯನ್ನೂ ಅದು ಮದರ್‌ಬೋರ್ಡಿನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕ್ಲೋನ್ ಮಾಡುವ ಸಾಫ್ಟ್‌ವೇರ್ ಹೊಸ ಡಿಸ್ಕಿಗೆ ಹೊಸ ಸಂಖ್ಯೆ ಕೊಟ್ಟಿದ್ದರೆ, ಬಾಡಿಗೆದಾರ ಮನೆ ಬದಲಿಸಿದ್ದು ತಿಳಿಯದ ಅಂಚೆಯವನ ಹಾಗೆ ಯಂತ್ರ ಹಳೇ ವಿಳಾಸದ ಬಾಗಿಲನ್ನೇ ತಟ್ಟುತ್ತದೆ. ಎಷ್ಟೋ ಬೋರ್ಡುಗಳು ಆಗ ಇಎಫ್‌ಐ ಪಾರ್ಟಿಷನ್ನಿನಲ್ಲಿ ‘ಬೂಟ್‌ಎಕ್ಸ್64’ ಎಂಬ ಸಾಮಾನ್ಯ ಹೆಸರಿನ ಫೈಲು ಇದೆಯೇ ಎಂದು ತಾವೇ ಹುಡುಕಿ ಎದ್ದುಬಿಡುತ್ತವೆ. ಕೆಲವು ಕೈಚೆಲ್ಲಿ ಕೂರುತ್ತವೆ.

ಇನ್ನೊಂದು ತೊಡಕು ತಲೆಮಾರುಗಳ ನಡುವಿನದು. ಹಳೇ ಎಂಬಿಆರ್ ಡಿಸ್ಕಿನ ಪಡಿಯಚ್ಚು ಹಳೇ ಪದ್ಧತಿಯ ಬೂಟ್‌ಗೆ ಮಾತ್ರ ಒಗ್ಗುತ್ತದೆ. ಬಯೋಸಿನಲ್ಲಿ ಸಿಎಸ್‌ಎಂ ಅಥವಾ ಲೆಗಸಿ ಎಂಬ ಆಯ್ಕೆ ಆಫ್ ಆಗಿದ್ದರೆ ಅದು ಏಳದು. ಬೋರ್ಡ್ ಯುಇಎಫ್‌ಐ ಬಲ್ಲದ್ದಾದರೆ ವಿಂಡೋಸ್ 10ರಲ್ಲಿ 2017ರಿಂದ ಜೊತೆಗೇ ಬರುತ್ತಿರುವ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣ ಡಿಸ್ಕನ್ನು ಅಳಿಸದೆ ಹೊಸ ಪದ್ಧತಿಗೆ ತಿರುಗಿಸುತ್ತದೆ. ಅದಾದ ಮೇಲೆ ಬಯೋಸನ್ನೂ ಯುಇಎಫ್‌ಐಗೆ ತಿರುಗಿಸಬೇಕು ಎನ್ನುವುದನ್ನು ಮರೆತು ಮತ್ತೆ ಕಪ್ಪು ಪರದೆ ನೋಡುವವರೂ ಉಂಟು.

ಕಡ್ಡಿಯಂತಿರುವ ಎಂ.2 ಎಸ್‌ಎಸ್‌ಡಿಗಳದು ಬೇರೆಯೇ ಗೊಂದಲ. 22 ಮಿಲಿಮೀಟರ್ ಅಗಲ, 80 ಉದ್ದದ ಎರಡು ಕಡ್ಡಿಗಳು ನೋಡಲು ಅವಳಿಗಳಂತಿದ್ದರೂ ಒಂದು ಸಾಟಾ, ಇನ್ನೊಂದು ಎನ್‌ವಿಎಂಇ. ಸಾಟಾ ಕಡ್ಡಿಗೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಹೆಚ್ಚಾಗಿ ಒಂದು. ಕೆಲವು ಸ್ಲಾಟುಗಳು ಒಂದನ್ನು ಮಾತ್ರ ಬಲ್ಲವು. ಕಡ್ಡಿ ಸಲೀಸಾಗಿ ಕೂತರೂ ಬಯೋಸಿಗೆ ಕಾಣುವುದಿಲ್ಲ. ಹಳೇ ಡೆಸ್ಕ್‌ಟಾಪಿಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂರಿಸಿದರೆ ವಿಂಡೋಸಿನೊಳಗೆ ಡಿಸ್ಕ್ ಕಾಣುತ್ತದೆ, ಬೂಟ್ ಮಾತ್ರ ಆಗದು. ಆ ಕಾಲದ ಬಯೋಸ್‌ಗೆ ಎನ್‌ವಿಎಂಇ ಭಾಷೆಯೇ ಬರುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಕಿಂಡಿ ತಾನೇ ಮುಚ್ಚಿಕೊಳ್ಳುತ್ತದೆ. ಇವೆಲ್ಲ ಮದರ್‌ಬೋರ್ಡಿನ ಕೈಪಿಡಿಯಲ್ಲಿ ಬರೆದೇ ಇರುತ್ತದೆ. ಕೈಪಿಡಿ ಯಾರ ಮನೆಯಲ್ಲಿದೆ ಎನ್ನುವುದು ಬೇರೆ ಮಾತು.

ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ, ಹೆಚ್ಚಾಗಿ 11ನೇ ತಲೆಮಾರಿನಿಂದೀಚೆಗೆ, ವಿಎಂಡಿ ಎಂಬ ಏರ್ಪಾಡು ಎಸ್‌ಎಸ್‌ಡಿಗೂ ವಿಂಡೋಸಿಗೂ ನಡುವೆ ನಿಂತಿರುತ್ತದೆ. ವಿಂಡೋಸ್ ಪೆನ್‌ಡ್ರೈವಿನಿಂದ ಸೆಟಪ್ ತೆರೆದರೆ ‘ಯಾವ ಡ್ರೈವೂ ಸಿಗಲಿಲ್ಲ’ ಎನ್ನುತ್ತದೆ. ಹೊಸ ಎಸ್‌ಎಸ್‌ಡಿ ಕೆಟ್ಟದ್ದೆಂದು ವಾಪಸ್ ಕೊಡಲು ಓಡುವ ಮೊದಲು ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ ತೋರಿಸಬೇಕು, ಇಲ್ಲವೇ ವಿಎಂಡಿ ಆಫ್ ಮಾಡಬೇಕು. ಆಫ್ ಮಾಡುವುದು ಹೊಸದಾಗಿ ವಿಂಡೋಸ್ ಹಾಕುವವರಿಗೆ ಮಾತ್ರ ಸರಿ. ಕ್ಲೋನ್ ಮಾಡಿದವರು ಆಫ್ ಮಾಡಿದರೆ ಮೇಲೆ ಹೇಳಿದ ಡಿಟಿಪಿ ಅಂಗಡಿಯ ನೀಲಿ ಪರದೆಯೇ ಬರುತ್ತದೆ.

ನಿಜಕ್ಕೂ ಹೆದರಬೇಕಾದ ಪರದೆ ಒಂದಿದೆ, ಬಿಟ್‌ಲಾಕರಿನದು. 48 ಅಂಕಿಗಳ ರಿಕವರಿ ಕೀ ಕೊಡಿ ಎನ್ನುತ್ತದೆ. ‘ನಾನ್ ಎನ್‌ಕ್ರಿಪ್ಷನ್ ಆನ್ ಮಾಡೇ ಇಲ್ಲ’ ಎನ್ನುತ್ತೀರಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಂಡೋಸೇ ಅದನ್ನು ಆನ್ ಮಾಡಿಕೊಂಡಿರುತ್ತದೆ. 2024ರ 24ಎಚ್2 ಆವೃತ್ತಿಯಿಂದ ಈ ರೂಢಿ ಇನ್ನಷ್ಟು ಯಂತ್ರಗಳಿಗೆ ಹಬ್ಬಿದೆ. ಬಯೋಸ್ ಸೆಟ್ಟಿಂಗ್ ಬದಲಾಯಿತು, ಬೂಟ್ ದಾರಿ ಬದಲಾಯಿತು ಎಂದರೆ ಕಳ್ಳನಿರಬಹುದೆಂದು ಅದು ಬಾಗಿಲು ಹಾಕಿಕೊಳ್ಳುತ್ತದೆ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಲ್ಲಿ ಲಾಗಿನ್ ಆಗಿ ನೋಡಬಹುದು. ಆದರೆ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ತನಗೆ ತೋಚಿದ ಇಮೇಲ್ ಐಡಿ ಹಾಕಿ ಖಾತೆ ತೆರೆದುಕೊಟ್ಟಿದ್ದರೆ? ಆ ಕೀ ಇಲ್ಲದೆ ಡಿಸ್ಕಿನಲ್ಲಿರುವುದನ್ನು ಯಾರೂ ಓದಲಾರರು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲೇ ಕೀ ಎಲ್ಲಿದೆಯೆಂದು ಕಣ್ಣಾರೆ ನೋಡಿ, ಕಾಗದದ ಮೇಲೆ ಬರೆದು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮುಂದುವರಿಯಬೇಕು.

ಬೂಟ್ ಫೈಲುಗಳನ್ನು ಮತ್ತೆ ಕಟ್ಟುವುದು ಅಷ್ಟೇನೂ ಘನಕಾರ್ಯವಲ್ಲ. ವಿಂಡೋಸಿನ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿ, ರಿಪೇರಿ ವಿಭಾಗದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಎಫ್‌ಐ ಪಾರ್ಟಿಷನ್ನಿಗೆ ಒಂದು ಅಕ್ಷರ ಕೊಟ್ಟು, ‘ಬಿಸಿಡಿಬೂಟ್’ ಎಂಬ ಒಂದು ಸಾಲಿನ ಆದೇಶಕ್ಕೆ ವಿಂಡೋಸ್ ಎಲ್ಲಿದೆ, ಫೈಲು ಎಲ್ಲಿಡಬೇಕು ಎಂದು ಹೇಳಿದರೆ ಉಳಿದದ್ದನ್ನು ಅದೇ ಮಾಡುತ್ತದೆ. ಕಣ್ಣಿಡಬೇಕಾದ್ದು ಎರಡರ ಮೇಲೆ. ಪೆನ್‌ಡ್ರೈವಿನಿಂದ ಎದ್ದಾಗ ಡ್ರೈವ್ ಅಕ್ಷರಗಳು ಅದಲುಬದಲಾಗಿರುತ್ತವೆ, ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ಎರಡನೆಯದು, ಅಕ್ಷರ ಕೊಡಲು ಬಳಸುವ ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್’ ಎಂಬ ಇನ್ನೊಂದು ಆದೇಶವಿದೆ. ಹೆಸರು ಸೌಮ್ಯ, ಕೆಲಸ ಘೋರ: ಆರಿಸಿದ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನೇ ಒರೆಸಿಹಾಕುತ್ತದೆ, ‘ಖಂಡಿತವೇ’ ಎಂದು ಕೇಳುವುದೂ ಇಲ್ಲ. ಡಿಸ್ಕ್ 0, ಡಿಸ್ಕ್ 1 ಎಂದಷ್ಟೇ ತೋರಿಸುವ ಆ ಕಪ್ಪು ಕಿಟಕಿಯಲ್ಲಿ ಹೊಸದು ಯಾವುದು ಹಳೆಯದು ಯಾವುದು ಎಂದು ಗಾತ್ರ ನೋಡಿಯೇ ತಿಳಿಯಬೇಕು. ಎರಡೂ 500 ಜಿಬಿ ಆಸುಪಾಸಿನವಾದರೆ ಹಳೆಯದನ್ನು ಕಳಚಿಟ್ಟೇ ಕೂರುವುದು ಲೇಸು.

ಹೊಸದು ಎದ್ದು ಓಡತೊಡಗಿದ ಮೇಲೂ ಹಳೇ ಡಿಸ್ಕನ್ನು ಒಂದೆರಡು ತಿಂಗಳು ಹಾಗೇ ಇಟ್ಟುಕೊಂಡಿರಿ. ಅದಕ್ಕಿಂತ ಒಳ್ಳೆಯ ಬ್ಯಾಕಪ್ ಸದ್ಯಕ್ಕೆ ನಿಮ್ಮ ಬಳಿ ಇಲ್ಲ. ಆಮೇಲೆ ಅದನ್ನು ಎಕ್ಸ್‌ಚೇಂಜಿಗೆ ಕೊಡುವುದಾದರೆ ಅದರಲ್ಲಿ ಏನೇನಿದೆ ಎಂದು ಒಮ್ಮೆ ಯೋಚಿಸಿ. ಡಿಟಿಪಿ ಅಂಗಡಿಯ ಡಿಸ್ಕ್ ಎಂದರೆ ಊರಿನ ಅರ್ಧ ಜನರ ಆಧಾರ್ ಪ್ರತಿ, ಪ್ಯಾನ್, ಪಹಣಿ, ಕ್ರಯಪತ್ರ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೋಗುವುದು ಪಟ್ಟಿ ಮಾತ್ರ. ಫೈಲುಗಳನ್ನು ಎತ್ತಿಕೊಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಪೂರ್ತಿ ಅಳಿಸಲು ಬೇಕಾದ್ದು ಡಿಸ್ಕ್‌ಪಾರ್ಟ್‌ನ ‘ಕ್ಲೀನ್ ಆಲ್’. ಅದು ಡಿಸ್ಕಿನ ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುತ್ತದೆ. 500 ಜಿಬಿಯ ಹಳೇ ಡಿಸ್ಕಿಗೆ ಸೆಕೆಂಡಿಗೆ 100 ಎಂಬಿಯ ಲೆಕ್ಕ ಹಿಡಿದರೂ ಒಂದೂವರೆ ಗಂಟೆ ಮೀರುವುದಿಲ್ಲ. ಊಟಕ್ಕೆ ಹೋಗುವ ಮುಂಚೆ ಶುರು ಮಾಡಿದರಾಯಿತು, ಆರಿಸಿದ ಡಿಸ್ಕಿನ ಸಂಖ್ಯೆಯನ್ನು ಇನ್ನೊಮ್ಮೆ ನೋಡಿಕೊಂಡು.